ಮದುವೆ ಫೋಲ್ಡರ್ ಕಾಪಿ ಮಾಡಲು ಹೋಗಿ ಕಲಿತದ್ದು

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ. ಕಂಪ್ಯೂಟರಿಗೆ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಹಾಕಿದ್ದೇನೆ. ಮದುವೆ ಸೀಸನ್ ಮುಗಿದ ಮೇಲೆ ಫೋಲ್ಡರುಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಹಾಕಿಡುವುದು ರೂಢಿ.

ಹೋದ ವರ್ಷ ಫೋಲ್ಡರನ್ನು ಒಳಗಿನದ್ದೆಲ್ಲ ಸೇರಿ ಕಾಪಿ ಮಾಡುವ ಕಮಾಂಡ್ ‘ಸಿಪಿ ಮೈನಸ್ ಆರ್’ (cp -r) ಕೊಟ್ಟು ಬೆಣ್ಣೆ ದೋಸೆ ತಿನ್ನಲು ಹೋದೆ. ಬರುವಷ್ಟರಲ್ಲಿ ಕರೆಂಟ್ ಹೋಗಿತ್ತು, ಯುಪಿಎಸ್ಸೂ ಮಲಗಿತ್ತು. ಮತ್ತೆ ಮೊದಲಿಂದ ಯಾಕೆ ಅಂತ, ಇರೋ ಫೈಲ್ ಮುಟ್ಟದ ಹಾಗೆ ‘ಮೈನಸ್ ಎನ್’ ಸೇರಿಸಿ ಓಡಿಸಿದೆ. ಎಡವಿದ್ದೇ ಅಲ್ಲಿ. ಅರ್ಧಕ್ಕೆ ನಿಂತ ಫೈಲಿಗೂ ಪೂರ್ತಿ ಹೆಸರೇ ಇರುತ್ತೆ ಅಲ್ವಾ? ಅದನ್ನೂ ಬಿಟ್ಟು ಮುಂದೆ ಹೋಯಿತು. ಧಾರೆಯ ವಿಡಿಯೊ ತೆರೆಯಲೇ ಇಲ್ಲ. ಪುಣ್ಯಕ್ಕೆ ಮೂಲ ಅಳಿಸಿರಲಿಲ್ಲ.

ಆಮೇಲೆ ಆರ್‌ಸಿಂಕ್ (rsync) ಅನ್ನೋ ಇನ್ನೊಂದು ಕಾಪಿ ಕಮಾಂಡ್ ಹಿಡಿದೆ. ಇದು ಮೊದಲು ಬೇರೆ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲಷ್ಟೇ ನಿಜವಾದ ಹೆಸರು ಇಡುತ್ತೆ. ಎರಡನೇ ಸಲ ಓಡಿಸಿದರೆ ಗಾತ್ರ, ತಾರೀಖು ಎರಡೂ ಹೊಂದುವ ಫೈಲ್ ಬಿಟ್ಟು ಉಳಿದದ್ದನ್ನು ಮಾತ್ರ ತರುತ್ತೆ. ಆದರೆ ನನ್ನ ಡಿಸ್ಕಿನಲ್ಲಿ ಎಲ್ಲವನ್ನೂ ಮತ್ತೆ ತರಲು ಹೊರಟಿತು! ‘ಸಿಪಿ ಮೈನಸ್ ಆರ್’ ಎಲ್ಲ ಫೋಟೊಗೂ ಅವತ್ತಿನ ತಾರೀಖು ಹಾಕಿಬಿಟ್ಟಿತ್ತು. ಅವತ್ತು ಸಿಪಿಗೆ ‘ಮೈನಸ್ ಎ’ ಕೊಟ್ಟಿದ್ದರೆ ಹಳೇ ತಾರೀಖೇ ಉಳಿಯುತ್ತಿತ್ತು. ಗಾತ್ರ ಮಾತ್ರ ನೋಡು ಅಂತ ಹೇಳಬಹುದಿತ್ತು, ಕರೆಂಟ್ ಹೋದ ಡಿಸ್ಕನ್ನು ನಂಬಲು ಮನಸ್ಸಾಗಲಿಲ್ಲ. ರಾತ್ರಿಯಿಡೀ ಓಡಲಿ ಅಂತ ಬಿಟ್ಟೆ.

ಮುಂದೆ ಬೇರೊಂದು ಡಿಸ್ಕಿಗೆ ಹಾಕಿದಾಗ ಇನ್ನೊಂದು ಫಜೀತಿ. ‘ಮದುವೆ’ ಅನ್ನೋ ಫೋಲ್ಡರೇ ಇಲ್ಲ, ಅದರೊಳಗಿನ ಎಲ್ಲರ ಮನೆ ಮದುವೆ ಡಿಸ್ಕಿನ ತುಂಬ ಹರಡಿಕೊಂಡಿವೆ. ಕಮಾಂಡಿನಲ್ಲಿ ಫೋಲ್ಡರ್ ಹೆಸರಿನ ಕೊನೆಗೆ ಒಂದು ಸ್ಲ್ಯಾಶ್ (/) ಇತ್ತು. ಸ್ಲ್ಯಾಶ್ ಇಲ್ಲದಿದ್ದರೆ ಆರ್‌ಸಿಂಕ್ ಫೋಲ್ಡರನ್ನೇ ಒಯ್ಯುತ್ತೆ, ಇದ್ದರೆ ಒಳಗಿನದ್ದನ್ನು ಮಾತ್ರ ಸುರಿಯುತ್ತೆ. ಉಬುಂಟುವಿನ ಸಿಪಿಗೆ ಎರಡೂ ಒಂದೇ, ಹಾಗಾಗಿ ನಾನು ಗಮನಿಸಿರಲೇ ಇಲ್ಲ. ಆ ಸ್ಲ್ಯಾಶನ್ನು ನಾನು ಟೈಪ್ ಮಾಡಿದ್ದೂ ಅಲ್ಲ, ಟ್ಯಾಬ್ ಒತ್ತಿದಾಗ ತಾನಾಗಿ ಬಂದದ್ದು. ಜೊತೆಗೆ, ಮೂಲದಲ್ಲಿ ಇಲ್ಲದ್ದನ್ನು ಅಳಿಸುವ ‘ಡಿಲೀಟ್’ ಬೇರೆ ಕೊಟ್ಟಿದ್ದರೆ ಡಿಸ್ಕಿನಲ್ಲಿದ್ದ ಹಳೇ ವರ್ಷಗಳ ಕೆಲಸವೆಲ್ಲ ಗುಡಿಸಿ ಹೋಗುತ್ತಿತ್ತು. ಈಗ ಮೊದಲು ‘ಮೈನಸ್ ಎನ್’ ಜೊತೆಗೆ ‘ಮೈನಸ್ ವಿ’ ಹಾಕಿ ಪಟ್ಟಿ ನೋಡುತ್ತೇನೆ. ಆರ್‌ಸಿಂಕ್‌ನಲ್ಲಿ ಎನ್ ಅಕ್ಷರಕ್ಕೆ ಅರ್ಥ ಬೇರೆ: ನಿಜವಾಗಿ ಏನೂ ಮಾಡಬೇಡ; ಏನು ಮಾಡ್ತೀಯ ಅಂತ ತೋರಿಸೋದು ‘ವಿ’.

ಚಿತ್ರದುರ್ಗದ ಗೆಳೆಯನದು ವಿಂಡೋಸ್, ಅವನಿಗೆ ರೋಬೊಕಾಪಿ ಅನ್ನೋ ಕಮಾಂಡ್. ವಿಸ್ಟಾದಿಂದ ಈಚೆಗೆ ವಿಂಡೋಸ್ ಜೊತೆಗೇ ಬರುತ್ತೆ. ಅದರ ‘ಮಿರ್’ ಕೂಡ ಹೀಗೇ ಅಳಿಸುತ್ತೆ, ಹುಷಾರು.

ಒಂದೇ ಆಲ್ಬಮ್ ಪೆನ್ ಡ್ರೈವಿಗೆ ಹಾಕಿ ಕೊಡುವುದಿದ್ದರೆ ನಾನು ಈಗಲೂ ಸಿಪಿಯನ್ನೇ ಬಳಸುತ್ತೇನೆ, ‘ಮೈನಸ್ ಎ’ ಹಾಕಿ.