ನೋಂದಣಿಯಾಗಿದ್ದರೂ ಕೈಗೆ ಸಿಗದ ಡಿಎಲ್‌ಎಲ್

ಎಕ್ಸೆಲ್ 32 ಬಿಟ್‌ನಿಂದ 64 ಬಿಟ್‌ಗೆ ಬದಲಾದ ಮರುದಿನವೇ ನಮ್ಮ ಬಡ್ಡಿ ಲೆಕ್ಕದ ಮ್ಯಾಕ್ರೊ (ಎಕ್ಸೆಲ್‌ನೊಳಗೆ ಓಡುವ ಪುಟ್ಟ ಪ್ರೋಗ್ರಾಮ್) ನಿಂತುಹೋಯಿತು. ಲೆಕ್ಕ ಮಾಡುತ್ತಿದ್ದುದು ವಿಷುಯಲ್ ಬೇಸಿಕ್ 6ರಲ್ಲಿ ಬರೆದ ಹಳೆಯ 32 ಬಿಟ್ ಡಿಎಲ್‌ಎಲ್, ಅಂದರೆ ಬೇರೆ ಪ್ರೋಗ್ರಾಮ್‌ಗಳು ಕರೆದು ಬಳಸುವ ಕೋಡ್‌ನ ಫೈಲ್. ಅದರ ಮೂಲ ಕೋಡ್ ಯಾರ ಬಳಿಯೂ ಉಳಿದಿರಲಿಲ್ಲ. ಪರದೆಯ ಮೇಲೆ 80040154, ‘ಕ್ಲಾಸ್ ನಾಟ್ ರಿಜಿಸ್ಟರ್ಡ್’ (ನೋಂದಣಿಯಾಗಿಲ್ಲ) ಎಂದು ಬರುತ್ತಿತ್ತು.

ಸಂದೇಶವನ್ನು ನಂಬಿ, ಡಿಎಲ್‌ಎಲ್‌ಗಳನ್ನು ವಿಂಡೋಸ್‌ನಲ್ಲಿ ನೋಂದಾಯಿಸುವ ರೆಗ್‌ಎಸ್‌ವಿಆರ್32 ಓಡಿಸಿದೆ. ಯಶಸ್ವಿ ಎಂದಿತು. ಎಕ್ಸೆಲ್ ಮತ್ತೆ ಅದೇ ತಪ್ಪು ತೋರಿಸಿತು. ಹೀಗೆಯೇ ಅರ್ಧ ದಿನ ಕಳೆಯಿತು.

ಪ್ರೋಗ್ರಾಮ್‌ಗಳ ಚಲನವಲನ ತೋರಿಸುವ ಪ್ರಾಸೆಸ್ ಮಾನಿಟರ್ ತೆರೆದು, ಎಕ್ಸೆಲ್ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೂ ನೋಂದಣಿಗಳನ್ನೂ ಇಡುವ ಕಡತದಲ್ಲಿ) ಎಲ್ಲೆಲ್ಲಿ ಹುಡುಕುತ್ತಿದೆ ಎಂದು ನೋಡಿದಾಗ ಗಂಟು ಬಿಚ್ಚಿತು. 32 ಬಿಟ್ ಡಿಎಲ್‌ಎಲ್‌ನ ನೋಂದಣಿ 32 ಬಿಟ್‌ನವರಿಗೆಂದೇ ಇರುವ ವಾವ್6432ನೋಡ್ ಎಂಬ ಕೀಯೊಳಗೆ (ರಿಜಿಸ್ಟ್ರಿಯ ಒಂದು ವಿಭಾಗದೊಳಗೆ) ಕುಳಿತಿತ್ತು. 64 ಬಿಟ್ ಎಕ್ಸೆಲ್ ತನ್ನ ಪಾಲಿನ ಕೀಯಲ್ಲಿ ಹುಡುಕಿ ಬರಿಗೈಯಲ್ಲಿ ಮರಳುತ್ತಿತ್ತು. ನೋಂದಣಿಯನ್ನು ಆ ಕಡೆಗೆ ನಕಲು ಮಾಡಿದರೂ ಉಪಯೋಗವಿಲ್ಲ, ಏಕೆಂದರೆ 64 ಬಿಟ್ ಪ್ರಾಸೆಸ್‌ನೊಳಗೆ (ಓಡುತ್ತಿರುವ ಪ್ರೋಗ್ರಾಮ್‌ನೊಳಗೆ) 32 ಬಿಟ್ ಡಿಎಲ್‌ಎಲ್ ಲೋಡ್ ಆಗುವುದೇ ಇಲ್ಲ.

ಹಳೆಯ ಎಕ್ಸೆಲ್‌ಗೆ ಮರಳುವುದು ಸುಲಭವಿತ್ತು. ಆದರೆ ನಮ್ಮ ದೊಡ್ಡ ಹಾಳೆಗಳಿಗೆ 64 ಬಿಟ್‌ನ ಮೆಮೊರಿ ಬೇಕೇ ಬೇಕಿತ್ತು. ಹಾಗಾಗಿ ಡಿಎಲ್‌ಎಲ್‌ಗೆ ಬೇರೆಯೇ ಮನೆ ಮಾಡಿಕೊಟ್ಟೆ. ವಿಂಡೋಸ್‌ನಲ್ಲಿರುವ ಡಿಎಲ್‌ಎಲ್‌ಹೋಸ್ಟ್ ಎಂಬ ಪ್ರೋಗ್ರಾಮ್ ಅದನ್ನು ತನ್ನ 32 ಬಿಟ್ ಪ್ರಾಸೆಸ್‌ನಲ್ಲಿ ಹೊತ್ತುಕೊಳ್ಳುತ್ತದೆ. ರಿಜಿಸ್ಟ್ರಿಯ ಬ್ಯಾಕಪ್ ತೆಗೆದುಕೊಂಡು, ಡಿಎಲ್‌ಎಲ್‌ನ ಸಿಎಲ್‌ಎಸ್‌ಐಡಿ (ಅದರ ಕ್ಲಾಸ್‌ನ ಗುರುತಿನ ಸಂಖ್ಯೆ) ಕೀಯಲ್ಲಿ ಆ್ಯಪ್‌ಐಡಿ ಎಂಬ ಮೌಲ್ಯ ಬರೆದೆ. ಅದೇ ಆ್ಯಪ್‌ಐಡಿಯ ಕೀಯಲ್ಲಿ ಡಿಎಲ್‌ಎಲ್‌ಸರೊಗೇಟ್ ಎಂಬ ಖಾಲಿ ಸ್ಟ್ರಿಂಗ್ (ಪಠ್ಯ ಮೌಲ್ಯ) ಇಟ್ಟೆ, ಅಷ್ಟೇ. ಎಕ್ಸೆಲ್‌ಗೆ ಡಿಎಲ್‌ಎಲ್‌ನ ಆಬ್ಜೆಕ್ಟ್ (ಲೆಕ್ಕ ಮಾಡಿಕೊಡುವ ಘಟಕ) ಸಿಕ್ಕಿತು! (ಫಾರ್ಮ್ ಮೇಲೆ ಕೂರುವ, ಬಟನ್‌ನಂಥ ಓಸಿಎಕ್ಸ್ ಕಂಟ್ರೋಲ್‌ಗಳಿಗೆ ಈ ದಾರಿ ನಡೆಯದು.)

ಆದರೆ ಈಗ ಬಡ್ಡಿದರದ ಫೈಲ್ ಸಿಗುತ್ತಿಲ್ಲ ಎಂಬ ಹೊಸ ತಪ್ಪು. ಡಿಎಲ್‌ಎಲ್ ಆ ಫೈಲನ್ನು ಬರೀ ಹೆಸರಿನಿಂದ ತೆರೆಯುತ್ತಿತ್ತು. ಎಕ್ಸೆಲ್‌ನೊಳಗೆ ಇದ್ದಾಗ ಪ್ರಸ್ತುತ ಫೋಲ್ಡರ್ ನಮ್ಮದೇ ಆಗಿರುತ್ತಿತ್ತು, ಈಗ ಅದು ವಿಂಡೋಸ್‌ನ ಸಿಸ್ಟಮ್ ಫೋಲ್ಡರ್. ಅಲ್ಲಿಗೆ ಫೈಲ್ ನಕಲು ಮಾಡಲು ಮನಸ್ಸು ಒಪ್ಪಲಿಲ್ಲ. ಡಿಎಲ್‌ಎಲ್‌ನೊಳಗೆ ಏನೇನಿದೆ ಎಂದು ತೋರಿಸುವ ಆಬ್ಜೆಕ್ಟ್ ಬ್ರೌಸರ್‌ನಲ್ಲಿ ಒಂದೊಂದೇ ಹೆಸರು ಓದುತ್ತಾ ಹೋದಾಗ, ಫೈಲ್ ಎಲ್ಲಿದೆ ಎಂದು ಡಿಎಲ್‌ಎಲ್‌ಗೆ ತಿಳಿಸಲು ಬರುವ ಒಂದು ಪ್ರಾಪರ್ಟಿ ಕಣ್ಣಿಗೆ ಬಿತ್ತು, ಅದರಲ್ಲಿ ನಮ್ಮ ಫೋಲ್ಡರ್ ಕೊಟ್ಟೆ. ಇಷ್ಟು ವರ್ಷ ನಾವದನ್ನು ಬಳಸಿಯೇ ಇರಲಿಲ್ಲ. ಬರೆದವರು ಮುಂದಾಲೋಚನೆಯಿಂದ ಇಟ್ಟಿದ್ದರು, ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಕೊನೆಗೆ ಉಳಿದದ್ದು ವೇಗ. ಮ್ಯಾಕ್ರೊ ಪ್ರತಿ ಸಾಲಿಗೂ ಹೊಸ ಆಬ್ಜೆಕ್ಟ್ ಸೃಷ್ಟಿಸುತ್ತಿತ್ತು. ಒಂದೇ ಪ್ರಾಸೆಸ್‌ನಲ್ಲಿ ಇದ್ದಾಗ ಅದು ಗೊತ್ತಾಗುತ್ತಿರಲಿಲ್ಲ, ಎರಡು ಪ್ರಾಸೆಸ್‌ಗಳ ನಡುವಿನ ಗಡಿ ದಾಟಬೇಕಾದಾಗ ಎದ್ದು ಕಂಡಿತು. ಆಬ್ಜೆಕ್ಟ್ ಸೃಷ್ಟಿಸುವ ಕೋಡಿನ ಸಾಲನ್ನು ಲೂಪಿನ ಹೊರಗೆ ತಂದೆ, ಈಗ ಒಂದೇ ಆಬ್ಜೆಕ್ಟ್ ಎಲ್ಲ ಸಾಲುಗಳಿಗೂ ಸಾಕು. ಒಂದು ಸಾಲಿನ ಲೆಕ್ಕ ಮುಂದಿನ ಸಾಲಿಗೆ ಅಂಟಿಕೊಳ್ಳಬಹುದೆಂಬ ಅಳುಕಿನಿಂದ, ಹಳೆಯ ಎಕ್ಸೆಲ್ ಇದ್ದ ಕಂಪ್ಯೂಟರಿನಲ್ಲಿ ಅದೇ ದತ್ತಾಂಶ ಓಡಿಸಿ ಎರಡೂ ಫಲಿತಾಂಶಗಳನ್ನು ಸಾಲುಸಾಲಾಗಿ ಹೋಲಿಸಿದೆ. ಎಲ್ಲಿಯೂ ವ್ಯತ್ಯಾಸ ಇರಲಿಲ್ಲ.