ಪೈಗೆ ಚಿಕ್ಕ ಓಲೆಡ್ ಹಾಕಿ ಟೆಂಪರೇಚರ್, ರ‍್ಯಾಮ್, ಐಪಿ ಎಲ್ಲ ಲೈವ್ ನೋಡೋದು

ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮಾನಿಟರ್ ಇಲ್ದೆ ಮೂಲೇಲಿ ಓಡ್ತಾ ಇದ್ರೆ ಅದ್ರ ಐಪಿ (ನೆಟ್‌ವರ್ಕ್ ಅಡ್ರೆಸ್) ಏನು, ಎಷ್ಟು ಬಿಸಿ ಆಗಿದೆ ಅಂತ ನೋಡೋಕೂ ಲ್ಯಾಪ್‌ಟಾಪ್ ತೆಗೀಬೇಕು, ಅದ್ರ ಬದ್ಲು 0.96 ಇಂಚಿನ ಓಲೆಡ್ ಸ್ಕ್ರೀನ್ ಒಂದು ಸಿಕ್ಕಿಸಿಬಿಡಿ. ಎಸ್‌ಎಸ್‌ಡಿ1306 ಚಿಪ್, 128 ಬೈ 64 ಪಿಕ್ಸೆಲ್, ನಾಲ್ಕು ಪಿನ್ ಇರೋ ಐ2ಸಿ (ಎರಡೇ ವೈರಲ್ಲಿ ಡೇಟಾ ಕಳ್ಸೋ ವಿಧಾನ) ಮಾಡೆಲ್ ಕೇಳಿ, ಬೆಂಗಳೂರಲ್ಲಿದ್ರೆ ಎಸ್‌ಪಿ ರೋಡಲ್ಲೇ ಸಿಗತ್ತೆ. 1.3 ಇಂಚಿಂದು ನೋಡೋಕೆ ಹಾಗೇ ಇರತ್ತೆ, ಆದ್ರೆ ಅದ್ರಲ್ಲಿ ಸಾಮಾನ್ಯವಾಗಿ ಎಸ್‌ಎಚ್1106 ಚಿಪ್, ಡ್ರೈವರ್ ಬೇರೆ.

ವೈರಿಂಗ್ ಸುಲಭ: ಪೈ ಪಿನ್ 1 (3.3 ವೋಲ್ಟ್) ವಿಸಿಸಿಗೆ, 3 ಎಸ್‌ಡಿಎಗೆ, 5 ಎಸ್‌ಸಿಎಲ್‌ಗೆ, 6 ಗ್ರೌಂಡ್‌ಗೆ. ಕೆಲವು ಬೋರ್ಡಲ್ಲಿ ವಿಸಿಸಿ, ಗ್ರೌಂಡ್ ಅದಲುಬದಲು ಇರತ್ತೆ, ಫೋಟೋ ನೋಡ್ಕೊಂಡು ಸಿಕ್ಕಿಸ್ಬೇಡಿ, ಬೋರ್ಡ್ ಮೇಲೆ ಬರೆದಿರೋದು ಓದಿ. ಪೈನ ಸೆಟ್ಟಿಂಗ್ಸ್ ಟೂಲ್ ರಾಸ್ಪಿ ಕಾನ್ಫಿಗ್‌ನಲ್ಲಿ ಐ2ಸಿ ಆನ್ ಮಾಡಿ, ಐ2ಸಿ ಡಿಟೆಕ್ಟ್ ಕಮಾಂಡ್ ಓಡಿಸಿದ್ರೆ ಟೇಬಲ್‌ನಲ್ಲಿ ಓಲೆಡ್ ಅಡ್ರೆಸ್ 3ಸಿ ಅಂತ ಕಾಣ್ಬೇಕು (ಕೆಲವಕ್ಕೆ 3ಡಿ). ಕಾಣ್ಲಿಲ್ಲ ಅಂದ್ರೆ ಕೋಡ್ ಮುಟ್ಟೋಕೇ ಹೋಗ್ಬೇಡಿ, ತೊಂದರೆ ವೈರಲ್ಲೇ ಇರೋ ಸಾಧ್ಯತೆ ಜಾಸ್ತಿ.

ಸ್ಕ್ರೀನಿಗೆ ಬರೆಯೋಕೆ ಪೈಥಾನ್‌ನ ಲೂಮಾ ಓಲೆಡ್ ಲೈಬ್ರರಿ ಸಾಕು. ಬುಕ್‌ವರ್ಮ್ ಓಎಸ್‌ನಲ್ಲಿ ಪಿಪ್‌ನಿಂದ (ಪೈಥಾನ್ ಲೈಬ್ರರಿ ಹಾಕೋ ಟೂಲ್) ನೇರವಾಗಿ ಇನ್‌ಸ್ಟಾಲ್ ಮಾಡೋಕೆ ಬಿಡಲ್ಲ, ಮೊದ್ಲು ವರ್ಚುವಲ್ ಎನ್ವಿರಾನ್ಮೆಂಟ್ (ಈ ಕೆಲಸಕ್ಕೇ ಅಂತ ಬೇರೆ ಪೈಥಾನ್ ಫೋಲ್ಡರ್) ಮಾಡ್ಕೊಳ್ಳಿ. ರ‍್ಯಾಮ್, ಸಿಪಿಯು ಲೋಡ್‌ಗೆ ಪಿಎಸ್‌ಯುಟಿಲ್ ಲೈಬ್ರರಿ ಇದೆ. ಸಿಪಿಯು ಪರ್ಸೆಂಟ್ ಮೊದಲ ಸಲ ಕೇಳ್ದಾಗ ಸೊನ್ನೆ ಕೊಡತ್ತೆ, ಗಾಬರಿ ಆಗ್ಬೇಡಿ, ಎರಡನೇ ಸಲದಿಂದ ಸರಿಯಾಗತ್ತೆ. ಚಿಪ್ ಬಿಸಿ ಥರ್ಮಲ್ ಝೋನ್ 0 ಫೋಲ್ಡರ್‌ನ ಟೆಂಪ್ ಫೈಲಲ್ಲಿ ಇರತ್ತೆ, 48312 ಅಂತ ಬಂದ್ರೆ ಸಾವಿರದಿಂದ ಭಾಗಿಸಿ, 48.3 ಡಿಗ್ರಿ. 80 ಹತ್ರ ಹೋದ್ರೆ ಪೈ ತಾನೇ ಸ್ಪೀಡ್ ಇಳಿಸೋಕೆ ಶುರು ಮಾಡತ್ತೆ, ಅದಕ್ಕೇ ಈ ನಂಬರ್ ಸ್ಕ್ರೀನಲ್ಲಿ ದೊಡ್ಡದಾಗಿ ಇರ್ಲಿ.

ಈಗ ರೂಮಿನ ಹವೆ. ನನ್ ಪ್ರಕಾರ ಬಿಎಂಇ280 ಸೆನ್ಸರ್ ಒಳ್ಳೇದು, ಟೆಂಪರೇಚರ್, ತೇವಾಂಶ, ಒತ್ತಡ ಮೂರೂ ಕೊಡತ್ತೆ, ಅಡ್ರೆಸ್ 76 ಅಥವಾ 77, ಓಲೆಡ್‌ದಕ್ಕಿಂತ ಬೇರೆ ಆದ್ರಿಂದ ಓಲೆಡ್ ಇರೋ ಅದೇ ಎರಡು ವೈರಿಗೇ ಸೇರಿಸ್ಬಹುದು. ಆದ್ರೆ ಬಿಎಂಇ ಅಂತ ಹೇಳಿ ಬಿಎಂಪಿ280 ಕೊಡೋರು ಇದ್ದಾರೆ, ಅದ್ರಲ್ಲಿ ತೇವಾಂಶ ಬರೋದೇ ಇಲ್ಲ. ಚಿಪ್ ಐಡಿ ಓದಿ ನೋಡಿ, ಹೆಕ್ಸ್ 60 ಬಂದ್ರೆ ಬಿಎಂಇ, 58 ಬಂದ್ರೆ ಬಿಎಂಪಿ. ಆಮೇಲೆ ಸೆನ್ಸರನ್ನ ಪೈ ಡಬ್ಬಿ ಒಳಗೆ ಇಡೋದು ಒಲೆ ಪಕ್ಕ ಥರ್ಮಾಮೀಟರ್ ಇಟ್ಟ ಹಾಗೆ, ರೂಮಿನ ಬಿಸಿ ಬದ್ಲು ಪ್ರೊಸೆಸರ್ ಬಿಸಿ ತೋರಿಸ್ತಾ ಕೂರತ್ತೆ, ಸ್ವಲ್ಪ ಉದ್ದದ ವೈರ್ ಹಾಕಿ ಹೊರಗೆ ತನ್ನಿ, ಆದ್ರೆ ಮೀಟರ್‌ಗಟ್ಟಲೆ ಎಳೀಬೇಡಿ, ಐ2ಸಿ ಅಷ್ಟು ದೂರಕ್ಕೆ ಮಾಡಿದ್ದಲ್ಲ.

ಸ್ಕ್ರೀನಲ್ಲಿ ನಾಲ್ಕು ಸಾಲು ಸಾಕು, ಎರಡು ಸೆಕೆಂಡಿಗೊಮ್ಮೆ ಬದಲಾದ್ರೆ ಆಯ್ತು. ಕನ್ನಡದಲ್ಲಿ ಬರೀಬೇಕು ಅಂದ್ರೆ ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ರೆ ಸಾಲಲ್ಲ, ಚಿತ್ರ ಬಿಡಿಸೋ ಪಿಲ್ಲೋ ಲೈಬ್ರರಿಗೆ ರಾಕ್ಮ್ (ಅಕ್ಷರ ಸರಿಯಾಗಿ ಜೋಡಿಸೋ ಲೈಬ್ರರಿ) ಸಪೋರ್ಟ್ ಇರ್ಬೇಕು, ಇಲ್ದಿದ್ರೆ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಒತ್ತಕ್ಕೂ ಜಾಗ ಬೇಕು, ಆಗ ಎರಡೋ ಮೂರೋ ಸಾಲಷ್ಟೇ ಹಿಡಿಯತ್ತೆ. ಒಂದೇ ಅಕ್ಷರ ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಉರಿದ್ರೆ ಓಲೆಡ್ ಅಲ್ಲಲ್ಲೇ ಮಂಕಾಗತ್ತೆ, ರಾತ್ರಿ ಆಫ್ ಮಾಡ್ಸಿ.

ಕೊನೇಲಿ ಸಿಸ್ಟಮ್‌ಡಿ (ಲಿನಕ್ಸಲ್ಲಿ ಪ್ರೋಗ್ರಾಂಗಳನ್ನ ತಾನೇ ಶುರು ಮಾಡೋದು) ಸರ್ವಿಸ್ ಮಾಡಿ ಬೂಟ್ ಆದಾಗ್ಲೇ ಸ್ಕ್ರಿಪ್ಟ್ ಓಡೋ ಹಾಗೆ ಇಡಿ, ಅದ್ರಲ್ಲಿ ವರ್ಚುವಲ್ ಎನ್ವಿರಾನ್ಮೆಂಟ್ ಒಳಗಿನ ಪೈಥಾನ್‌ದೇ ಪಾತ್ ಕೊಡಿ. ವೈಫೈ ಬರೋಕೆ ಮುಂಚೆನೇ ಸ್ಕ್ರಿಪ್ಟ್ ಶುರುವಾಗ್ಬಹುದು, ಹಾಗಾಗಿ ಐಪಿ ಒಂದೇ ಸಲ ಓದಿ ಬಿಡ್ಬೇಡಿ, ಲೂಪ್ ಒಳಗೇ ಓದಿ, ಸಿಗದಿದ್ರೆ ಎರಡು ಡ್ಯಾಶ್ ತೋರಿಸಿ ಮುಂದಿನ ಸುತ್ತಲ್ಲಿ ಮತ್ತೆ ಕೇಳ್ಲಿ.