ಯಾವ ದೇಶ ಎನ್ನುವ ಮೊದಲು ಮರಳುವ ಮಾತು ತೀರ್ಮಾನಿಸಿ

ಭಟ್ಕಳ, ಹೊನ್ನಾವರದ ಕಡೆ ದುಬೈ ದೂರದ ಊರೆಂದು ಯಾರಿಗೂ ಅನ್ನಿಸುವುದಿಲ್ಲ. ಅಲ್ಲಿ ದುಡಿದು ಬಂದವರು ಕೇರಿ ಕೇರಿಗೂ ಸಿಗುತ್ತಾರೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಓದಿದ ಮಕ್ಕಳು ಬೆಂಗಳೂರು ದಾಟಿ ಅಮೆರಿಕ, ಕೆನಡಾ, ಜರ್ಮನಿ ಸೇರುತ್ತಿದ್ದಾರೆ. ಹೀಗಾಗಿ ಎಲ್ಲಿಗೆ ಹೋಗುವುದು ಎಂದು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ಭಾವ ಇರುವಲ್ಲಿಗೆ, ಚಿಕ್ಕಪ್ಪನ ಮಗ ಇರುವಲ್ಲಿಗೆ. ಪರಿಚಯದವರು ಇರುವುದು ದೊಡ್ಡ ಬಲ ನಿಜ. ಆದರೆ ಭಾವನಿಗೆ ಒಗ್ಗಿದ ದೇಶ ನಿಮ್ಮ ವಯಸ್ಸಿಗೆ, ಓದಿಗೆ, ಮನೆಯ ಪರಿಸ್ಥಿತಿಗೆ ಹೊಂದಬೇಕೆಂದಿಲ್ಲ. ಆಯ್ಕೆಯನ್ನು ಈ ಕ್ರಮದಲ್ಲಿ ಮಾಡಿ ನೋಡಿ.

ಮೊದಲು: ದುಡಿದು ಮರಳುವುದೋ, ಅಲ್ಲೇ ನೆಲೆಸುವುದೋ?

ಇದನ್ನು ಮನೆಯವರೆಲ್ಲ ಕೂತು ಮಾತಾಡಿ. ಉಳಿದೆಲ್ಲ ಲೆಕ್ಕ ಈ ಒಂದು ಉತ್ತರದ ಮೇಲೆ ನಿಂತಿದೆ.

ಹತ್ತು ವರ್ಷ ದುಡಿದು, ಸಾಲ ತೀರಿಸಿ, ಮನೆ ಕಟ್ಟಿ ಊರಿಗೆ ಬರುವ ವಿಚಾರವಿದ್ದರೆ ಗಲ್ಫ್ ಸರಿಯಾದ ಜಾಗ. ಅಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ಗೋವಾ ಅಥವಾ ಮಂಗಳೂರಿನಿಂದ ವಿಮಾನ ಸಿಗುತ್ತದೆ. ಆದರೆ ಸಾಮಾನ್ಯ ಕೆಲಸಗಾರನ ವೀಸಾ ಕೆಲಸಕ್ಕೇ ಕಟ್ಟಿಕೊಂಡಿರುತ್ತದೆ. ಕೆಲಸ ಹೋದರೆ ಅಲ್ಲಿರುವ ಹಕ್ಕೂ ಹೋಗುತ್ತದೆ. ಎಷ್ಟು ವರ್ಷ ದುಡಿದರೂ ಪೌರತ್ವದ ಆಸೆ ಇಟ್ಟುಕೊಳ್ಳುವಂತಿಲ್ಲ. ಸಂಸಾರ ಸಮೇತ ಹೋಗುವವರು ಇನ್ನೂ ಹುಷಾರಾಗಿರಬೇಕು. ಸೌದಿಯಲ್ಲಿ ಅವಲಂಬಿತರ ತಲೆಗೆ ತಿಂಗಳಿಗೆ 400 ರಿಯಾಲ್ ಶುಲ್ಕವಿದೆ. ಹೆಂಡತಿ, ಇಬ್ಬರು ಮಕ್ಕಳಿದ್ದರೆ 1,200 ರಿಯಾಲ್ ಅದಕ್ಕೇ ಹೋಯಿತು.

ಮಕ್ಕಳು ಅಲ್ಲೇ ಬೆಳೆದು ಅಲ್ಲಿಯವರೇ ಆಗಲಿ ಎನ್ನುವವರು ಕೆನಡಾ, ಆಸ್ಟ್ರೇಲಿಯಾ, ಜರ್ಮನಿಯ ಕಡೆ ನೋಡಬೇಕು.

ಎರಡನೆಯದು: ಆ ದೇಶ ನಿಮ್ಮನ್ನು ಉಳಿಸಿಕೊಳ್ಳುತ್ತದೆಯೇ?

ಇಲ್ಲಿ ವಯಸ್ಸು ಬಲು ಮುಖ್ಯ. ಅಂಕ ನೋಡಿ ಕಾಯಂ ವಾಸಕ್ಕೆ ಆರಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ 20ರಿಂದ 29ರ ವಯಸ್ಸಿಗೆ ಪೂರ್ಣ ಅಂಕ. 30 ದಾಟಿದ ಮೇಲೆ ವರ್ಷ ವರ್ಷ ಇಳಿಯುತ್ತ 45ಕ್ಕೆ ಸೊನ್ನೆಯಾಗುತ್ತದೆ. ಆಸ್ಟ್ರೇಲಿಯಾದ ಅಂಕ ಪದ್ಧತಿಯ ವೀಸಾಗಳಿಗೆ 45ರ ಒಳಗಿರಬೇಕು, ಹೆಚ್ಚು ಅಂಕ ಸಿಗುವುದು 25ರಿಂದ 32ರವರಿಗೆ. ‘ಮಗಳ ಹತ್ತನೇ ಕ್ಲಾಸು ಮುಗಿಯಲಿ, ಆಮೇಲೆ ನೋಡೋಣ’ ಎಂದು ಮುಂದೂಡುವವರು ಈ ಅಂಕಗಳನ್ನು ಒಮ್ಮೆ ಕೂಡಿಸಿ ನೋಡಲೇಬೇಕು.

ಜರ್ಮನಿಗೆ ಭಾಷೆಯೇ ಕೀಲಿ. ಓದಿದ ಕೆಲಸಗಾರರಿಗೆ ಕೊಡುವ ಇಯು ಬ್ಲೂ ಕಾರ್ಡ್ ಪಡೆದವರಿಗೆ 27 ತಿಂಗಳಲ್ಲಿ ಕಾಯಂ ವಾಸದ ಪರವಾನಗಿ ಸಿಗಬಹುದು, ಬಿ1 ಮಟ್ಟದ, ಅಂದರೆ ದಿನಬಳಕೆಗೆ ಸಾಕಾಗುವ ಜರ್ಮನ್ ಬಂದರೆ 21 ತಿಂಗಳಲ್ಲೇ. 2024ರ ಕಾನೂನಿನ ಪ್ರಕಾರ ಐದು ವರ್ಷಕ್ಕೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಹೋಗಿ ಕಲಿಯೋಣ ಎನ್ನಬೇಡಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ ಜರ್ಮನ್ ಕಲಿಸುತ್ತದೆ. ಇಲ್ಲಿರುವಾಗಲೇ ಶುರು ಮಾಡಿದವರಿಗೆ ಅಲ್ಲಿ ಕೆಲಸದ ಬಾಗಿಲೂ ಬೇಗ ತೆರೆಯುತ್ತದೆ.

ಅಮೆರಿಕದ ಸಂಬಳ ಕಣ್ಣು ಕುಕ್ಕುತ್ತದೆ, ಆದರೆ ಅಲ್ಲಿ ಕಾಯಂ ಇರಲು ಬೇಕಾದ ಗ್ರೀನ್ ಕಾರ್ಡಿನ ಸರತಿ ಭಾರತೀಯರಿಗೆ ತುಂಬ ಉದ್ದ. ಉದ್ಯೋಗದ ಆಧಾರದಲ್ಲಿ ಇಡೀ ಜಗತ್ತಿಗೆ ವರ್ಷಕ್ಕೆ ಸುಮಾರು 1,40,000 ಕಾರ್ಡು, ಒಂದೊಂದು ದೇಶಕ್ಕೆ ಅದರಲ್ಲಿ ಶೇ 7ರ ಮಿತಿ. ಸರತಿಯಲ್ಲಿ ಕಾಯುತ್ತಿರುವಾಗಲೇ ಮಕ್ಕಳಿಗೆ 21 ತುಂಬಿ ಅವಲಂಬಿತರ ಪಟ್ಟಿಯಿಂದ ಹೊರಬೀಳುವ ಭಯ ಅನೇಕ ಮನೆಗಳಲ್ಲಿದೆ. ದೊಡ್ಡ ಮಕ್ಕಳಿರುವವರಿಗೆ ನೆಲೆಸುವ ಉದ್ದೇಶದಿಂದ ಅಮೆರಿಕಕ್ಕೆ ಹೋಗಿ ಎಂದು ನಾನಂತೂ ಹೇಳಲಾರೆ.

ಮೂರನೆಯದು: ಅಪ್ಪ, ಆಯಿ ಮತ್ತು ತೋಟ

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಈ ಲೆಕ್ಕವನ್ನು ಕೊನೆಗೆ ಹಾಕುತ್ತಾರೆ. ಬೇಗ ಹಾಕಿದಷ್ಟೂ ಒಳ್ಳೆಯದು.

ಶಿರಸಿಯಲ್ಲಿ ರಾತ್ರಿ ಎಂಟಾದಾಗ ದುಬೈಯಲ್ಲಿ ಸಂಜೆ ಆರೂವರೆ, ಮಗ ಕೆಲಸ ಮುಗಿಸಿ ಫೋನ್ ಮಾಡಬಹುದು. ಅದೇ ಹೊತ್ತಿಗೆ ಟೊರಾಂಟೊದಲ್ಲಿ ಚಳಿಗಾಲದ ಬೆಳಿಗ್ಗೆ ಒಂಬತ್ತೂವರೆ, ಕೆಲಸಕ್ಕೆ ಕೂರುವ ಹೊತ್ತು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂದರೆ ಗಲ್ಫಿನಿಂದ ಮರುದಿನ ಮನೆ ಮುಟ್ಟಬಹುದು, ಕೆನಡಾದಿಂದ ಅದು ಕಷ್ಟ. ವಯಸ್ಸಾದವರು ಇಬ್ಬರೇ ಮನೆಯಲ್ಲಿ ಉಳಿಯುವುದಾದರೆ ಇದು ಸಂಬಳದಷ್ಟೇ ತೂಕದ ವಿಷಯ.

ತೋಟದ ಮಾತು ಇನ್ನೂ ಸೂಕ್ಷ್ಮ. ಅನಿವಾಸಿ ಭಾರತೀಯರಾದ ಮೇಲೆ ಭಾರತದಲ್ಲಿ ಮನೆ, ಫ್ಲ್ಯಾಟ್ ಕೊಳ್ಳಬಹುದು, ಕೃಷಿ ಜಮೀನು ಮತ್ತು ತೋಟ ಕೊಳ್ಳುವಂತಿಲ್ಲ. ಅಪ್ಪ ಪ್ರೀತಿಯಿಂದ ದಾನಪತ್ರ ಬರೆದುಕೊಟ್ಟರೂ ನಡೆಯದು. ವಾರಸಾ ಹಕ್ಕಿನಿಂದ ಬಂದರೆ ಅಡ್ಡಿಯಿಲ್ಲ. ಇಲ್ಲಿರುವಾಗಲೇ ನಿಮ್ಮ ಹೆಸರಿಗೆ ಆದ ಜಮೀನನ್ನೂ ಉಳಿಸಿಕೊಳ್ಳಬಹುದು. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಬೇರೆ ದೇಶದ ಪೌರತ್ವ ಪಡೆದ ಗಳಿಗೆಗೆ ಇಲ್ಲಿಯದು ಹೋಗುತ್ತದೆ. ಆಮೇಲೆ ಸಿಗುವ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡಿನಲ್ಲಿ ಬಂದು ಇರಬಹುದು, ತೋಟ ಕೊಳ್ಳುವ ಹಕ್ಕು ಅದರಲ್ಲೂ ಇಲ್ಲ. ಆದ್ದರಿಂದ ಅಣ್ಣತಮ್ಮಂದಿರ ಹಿಸ್ಸೆ ಬಾಕಿಯಿದ್ದರೆ ಹೊರಡುವ ಮೊದಲೇ ವಕೀಲರನ್ನು ಕಂಡು ಮುಗಿಸಿ, ಪಹಣಿಯಲ್ಲಿ ಹೆಸರು ಬಂದಿದೆಯೇ ನೋಡಿಕೊಳ್ಳಿ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗದ ಮದ್ದು ಹೊಡೆಸುವವರು ಯಾರು, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನನ್ನು ಕರೆಸಿ ಕೊಯ್ಲು ಮಾಡಿಸುವವರು ಯಾರು ಎಂಬುದೂ ಅದೇ ಮಾತುಕತೆಯಲ್ಲಿ ಇತ್ಯರ್ಥವಾಗಲಿ.

ನಾಲ್ಕನೆಯದು: ದೇಶದೊಳಗೆ ಊರು

ದೇಶ ನಿರ್ಧಾರವಾದರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ದುಬೈಯ ಬಾಡಿಗೆ ತಾಳಲಾರದೆ ಶಾರ್ಜಾದಲ್ಲಿ ಮನೆ ಮಾಡಿ ದಿನವೂ ಟ್ರಾಫಿಕ್ಕಿನಲ್ಲಿ ಕಳೆಯುವವರು ಬಹಳ. ಬಾಡಿಗೆ ಉಳಿದದ್ದು ಎಷ್ಟು, ಮಕ್ಕಳ ಮುಖ ನೋಡುವ ಹೊತ್ತು ಹೋದದ್ದೆಷ್ಟು ಎಂದು ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಸ್ಟ್ರೇಲಿಯಾದ 491 ವೀಸಾ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದ ಕಡೆ ನೆಲೆಸುವವರಿಗೆ ಇರುವಂಥದ್ದು. ಅಡಿಲೇಡ್, ಪರ್ತ್ ಕೂಡ ಅದರೊಳಗೆ ಬರುತ್ತವೆ. ಕೆನಡಾದ ಅಟ್ಲಾಂಟಿಕ್ ತೀರದ ನಾಲ್ಕು ಪ್ರಾಂತ್ಯಗಳಿಗೂ ಪ್ರತ್ಯೇಕ ವಲಸೆ ಯೋಜನೆಯಿದೆ. ಕುಮಟಾ, ಅಂಕೋಲಾದಂಥ ಸಣ್ಣ ಊರಲ್ಲಿ ಬೆಳೆದವರಿಗೆ ಸಣ್ಣ ಪೇಟೆ ಕಷ್ಟವಾಗದು. ದೊಡ್ಡ ನಗರವೇ ಬೇಕೆಂಬ ಹಟ ಬಿಟ್ಟರೆ ದಾರಿ ಹಲವು ತೆರೆಯುತ್ತವೆ.

ಐದನೆಯದು: ಕಾಗದ ಮತ್ತು ಏಜೆಂಟ್

ಗಲ್ಫಿನ ಆಫರ್ ಲೆಟರ್ ಬಂದಾಗ ಒಟ್ಟು ಸಂಬಳದ ಕೆಳಗೆ ‘ಬೇಸಿಕ್’ (ಮೂಲ ವೇತನ) ಎಂದು ಬರೆದ ಸಾಲು ಹುಡುಕಿ. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆ ನಿಂತಿದೆ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ. ಒಟ್ಟು 4,000 ದಿರ್ಹಂನಲ್ಲಿ ಬೇಸಿಕ್ 1,600 ಇದ್ದರೆ ಐದು ವರ್ಷಕ್ಕೆ ಕೈಗೆ ಬರುವುದು 5,600 ದಿರ್ಹಂ. ಪೂರ್ತಿ 4,000 ಬೇಸಿಕ್ ಆಗಿದ್ದರೆ 14,000. ಸಹಿ ಹಾಕುವ ಮೊದಲು ಕೇಳಿದರೆ ಬೇಸಿಕ್ ಹೆಚ್ಚಿಸುವ ಕಂಪನಿಗಳೂ ಇವೆ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ವಲಸೆ ಅನುಮತಿ ಬೇಕಾದ) ವರ್ಗದ್ದಾಗಿರುತ್ತದೆ. ಅವರು ಗಲ್ಫಿಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕು. ಏಜೆಂಟ್ ನೋಂದಾಯಿತನೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ ₹30,000 ಮತ್ತು ಜಿಎಸ್‌ಟಿ, ರಸೀದಿ ಸಹಿತ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ‘ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿ ಕೊಡುತ್ತೇವೆ’ ಎಂದರೂ ಎದ್ದು ಬನ್ನಿ. ಇಸಿಆರ್ ಪಾಸ್‌ಪೋರ್ಟಿನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ ₹275 ಕಟ್ಟಿದರೆ 10 ಲಕ್ಷದ ವಿಮೆ ಇದೆ, ಅದರ ಕಾಗದ ಕೈಗೆ ಬಂದಿದೆಯೇ ನೋಡಿ.

ಹೊರಡುವ ವಾರ ಬ್ಯಾಂಕಿಗೆ ಹೋಗಿ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಗೆ ಬದಲಾಯಿಸುವ ಅರ್ಜಿ ಕೇಳಿ, ಅಲ್ಲಿಂದ ಹಣ ಕಳಿಸಲು ಎನ್‌ಆರ್‌ಇ ಖಾತೆಯನ್ನೂ ತೆರೆಯಿರಿ. ಪಾಸ್‌ಪೋರ್ಟ್, ವೀಸಾ, ಕೆಲಸದ ಒಪ್ಪಂದದ ಒಂದೊಂದು ಪ್ರತಿ ಮನೆಯಲ್ಲಿರಲಿ, ಕಂಪನಿಯ ವಿಳಾಸವೂ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಫೋನ್ ನಂಬರೂ ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿರಲಿ.